ಆರದ ಒಲೆ

ಸಂತರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬಾಲ್ಯದ ವೈರಾಗ್ಯದಿಂದ ಆರಂಭಿಸಿ ಅಂತ್ಯಕಾಲದ ಪವಾಡದಲ್ಲಿ ಮುಗಿಸುತ್ತಾರೆ. ಆ ಮಹನೀಯರು ಬಡಬಗ್ಗರಿಗೆ ಅನ್ನವಿಕ್ಕಿಸಿದರೆಂಬ ಸಂಗತಿ ನಡುವೆ ಎಲ್ಲಿಯೋ ಒಂದೆರಡು ಸಾಲುಗಳಲ್ಲಿ ಬಂದು ಹೋಗುತ್ತದೆ. ಅದು ಅವರ ದಯಾಗುಣಕ್ಕೆ ಒಂದು ನಿದರ್ಶನ, ಅಷ್ಟೆ. ತಮಿಳುನಾಡಿನ ರಾಮಲಿಂಗರ ವಿಷಯದಲ್ಲಿ ಈ ಕ್ರಮ ಸಲ್ಲದೆಂದು ನನಗೆ ತೋರುತ್ತದೆ. ಅವರ ಬಾಳಿನಲ್ಲಿ ಅನ್ನವು ನಿದರ್ಶನವಾಗಿ ಬಂದುದಲ್ಲ, ಅದೇ ಸಿದ್ಧಾಂತ. ಮಿಕ್ಕುದೆಲ್ಲವೂ, ಅವರ ಕಾವ್ಯ, ಅವರ ಯೋಗ, ಅವರನ್ನು ಸುತ್ತಿಕೊಂಡಿರುವ ಅದ್ಭುತ ಕಥೆಗಳು, ಆ ಅನ್ನದ ಸುತ್ತ ನಿಂತಿವೆ.

ಕಡಲೂರು ಜಿಲ್ಲೆಯ ವಡಲೂರಿನಲ್ಲಿ ಅವರು ಸ್ಥಾಪಿಸಿದ ಸತ್ಯ ಧರ್ಮಶಾಲೆಯೆಂಬ ಅನ್ನಶಾಲೆಯಿದೆ. ಅದರ ಅಡುಗೆಮನೆಯಲ್ಲಿ 21 ಅಡಿ ಉದ್ದದ, ಎರಡೂವರೆ ಅಡಿ ಅಗಲದ ಒಂದು ಒಲೆ. 1867ನೆಯ ಇಸವಿ ಮೇ 23ರಂದು ಅದರಲ್ಲಿ ಹೊತ್ತಿಸಿದ ಬೆಂಕಿಯನ್ನು ಅಲ್ಲಿಯ ಜನ ಇಂದಿನವರೆಗೆ ಆರಗೊಟ್ಟಿಲ್ಲ. ಒಂದೂವರೆ ಶತಮಾನಕ್ಕೂ ಮೀರಿ, ಹಸಿದು ಬಂದವರಿಗೆ ಆ ಒಲೆಯಿಂದ ಅನ್ನ ದೊರೆಯುತ್ತಿದೆ. ರಾಜಾಶ್ರಯದಿಂದ ಹುಟ್ಟಿದ ಸತ್ರವಲ್ಲ ಅದು. ಒಬ್ಬ ಶ್ರೀಮಂತನ ಪುಣ್ಯಸಂಪಾದನೆಗಾಗಿ ಎದ್ದುದೂ ಅಲ್ಲ. ತನ್ನದೆಂದು ಹೇಳಿಕೊಳ್ಳಲು ಒಂದು ಗುಂಟೆ ನೆಲವೂ ಇಲ್ಲದ ಕವಿಯೊಬ್ಬನ ಮಾತಿಗೆ ಸುತ್ತಲ ಹಳ್ಳಿಗರು ಓಗೊಟ್ಟು, ತಮ್ಮ ನೆಲ ಕೊಟ್ಟು, ದವಸ ಕೊಟ್ಟು, ಸೌದೆ ಕೊಟ್ಟು ಕಟ್ಟಿದ ಶಾಲೆ. ಅದು ಹೇಗೆ ಸಾಧ್ಯವಾಯಿತು, ಯಾವ ಅನುಭವದಿಂದ ಆ ಯೋಚನೆ ಮೊಳೆಯಿತು ಎಂಬುದನ್ನು ತಿಳಿಯಬೇಕಾದರೆ ಆ ಕವಿಯ ಬಾಲ್ಯಕ್ಕೆ ಹೋಗಬೇಕು.

ಚಿದಂಬರಕ್ಕೆ ಸಮೀಪದ ಮರುದೂರು ಎಂಬ ಹಳ್ಳಿಯಲ್ಲಿ 1823ರ ಅಕ್ಟೋಬರ್ 5ರಂದು, ಸ್ವಭಾನು ಸಂವತ್ಸರದಲ್ಲಿ, ರಾಮಲಿಂಗರು ಜನಿಸಿದರು. ತಂದೆ ರಾಮಯ್ಯ ಪಿಳ್ಳೆ, ತಾಯಿ ಚಿನ್ನಮ್ಮೆ. ಐವರು ಮಕ್ಕಳಲ್ಲಿ ಇವರೇ ಕಡೆಯವರು. ಮಗು ಇನ್ನೂ ತೊಟ್ಟಿಲಲ್ಲಿರುವಾಗಲೇ ತಂದೆ ತೀರಿಕೊಂಡರು. ಆಧಾರ ತಪ್ಪಿದ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮೊದಲು ಪೊನ್ನೇರಿಗೂ ಅನಂತರ ಮದರಾಸಿಗೂ ಬಂದರು. ಹಿರಿಯ ಮಗ ಸಭಾಪತಿ ವಿದ್ಯಾವಂತ. ಪುರಾಣಪ್ರವಚನ ಮಾಡಿ, ಅದರಿಂದ ಬಂದುದರಲ್ಲಿ ಸಂಸಾರವನ್ನು ಸಾಗಿಸುತ್ತಿದ್ದನು. ನಾಲ್ಕು ಕಾಸು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಎಣಿಸಿ ಬಾಳಬೇಕಾದ ಮನೆ ಅದು.

ಅಂಥ ಮನೆಯಲ್ಲಿ ಚಿಕ್ಕ ತಮ್ಮನು ಪಾಠಕ್ಕೆ ಕೂಡದೆ ಕಂದಕೋಟ್ಟದ ಮುರುಗನ ಗುಡಿಯಲ್ಲಿ ಹಾಡಿಕೊಂಡು ಕುಳಿತರೆ ಅಣ್ಣನಿಗೆ ಸಹನೆ ಎಲ್ಲಿಂದ ಬರಬೇಕು? ಹುಡುಗ ಓದದೆ ಮನೆಗೆ ಬಂದರೆ ಅನ್ನವಿಕ್ಕಕೂಡದೆಂದು ಅವನು ಹೆಂಡತಿಗೆ ಕಟ್ಟಪ್ಪಣೆ ಮಾಡಿದನೆಂದು ಸಂಪ್ರದಾಯದ ಕಥೆ ಹೇಳುತ್ತದೆ. ಅತ್ತಿಗೆಯ ಮನಸ್ಸು ಒಪ್ಪಲಿಲ್ಲ. ಗಂಡನು ಹೊರಗೆ ಹೋದ ಹೊತ್ತು ನೋಡಿ, ಮೈದುನನನ್ನು ಹಿತ್ತಲ ಬಾಗಿಲಿನಿಂದ ಕರೆದು ಗುಟ್ಟಾಗಿ ಬಡಿಸುತ್ತಿದ್ದಳು. ಒಂದು ದಿನ ಮನೆಯಲ್ಲಿ ಮಾವನವರ ತಿಥಿ. ಬಂದವರೆಲ್ಲರೂ ಪಂಕ್ತಿಯಲ್ಲಿ ಕುಳಿತು ಉಂಡು ಹೋದರು. ಮನೆಯ ಮಗನಾದ ಹುಡುಗ ಮಾತ್ರ ಎಲ್ಲರೂ ಎದ್ದ ಮೇಲೆ ಹಿಂದಿನಿಂದ ಬಂದು ಉಣ್ಣಬೇಕಾಯಿತು. ಅದನ್ನು ಕಂಡು ಅತ್ತಿಗೆಯ ಕಣ್ಣು ತುಂಬಿತು. ಆ ಕಣ್ಣೀರು ಹುಡುಗನನ್ನು ಕದಲಿಸಿತು. ತಾನು ಓದುವೆನೆಂದು ಒಪ್ಪಿಕೊಂಡು, ಮಹಡಿಯ ಮೇಲೊಂದು ಕೋಣೆಯನ್ನೂ ಒಂದು ಕನ್ನಡಿಯನ್ನೂ ಒಂದು ದೀಪವನ್ನೂ ಕೇಳಿ ಪಡೆದನು. ಆ ಕನ್ನಡಿಯಲ್ಲಿ ಅವನಿಗೆ ಮುರುಗನು ಕಾಣಿಸಿಕೊಂಡನೆಂದು ಭಕ್ತರು ನಂಬುತ್ತಾರೆ.

ಚರಿತ್ರಕಾರರು ಈ ಕಥೆಯಲ್ಲಿ ಕನ್ನಡಿಯ ಮುಂದೆ ನಿಲ್ಲುತ್ತಾರೆ. ನನ್ನ ಮನಸ್ಸು ಹಿತ್ತಲ ಬಾಗಿಲಿನಲ್ಲಿಯೇ ನಿಲ್ಲುತ್ತದೆ. ನಮ್ಮ ತಂದೆಯವರು ಮೈಸೂರಿನಲ್ಲಿ ವಾರಾನ್ನದಿಂದ ಓದಿದವರು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಹೀಗೆ ಏಳು ಮನೆಗಳು ಸೇರಿ ಒಬ್ಬ ಬಡ ವಿದ್ಯಾರ್ಥಿಯನ್ನು ಪೊರೆಯುವ ಆ ಪದ್ಧತಿ ನಮ್ಮ ಸಮಾಜದ ಔದಾರ್ಯಕ್ಕೆ ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ತಂದೆಯವರು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದುದು ಮನೆ ಸಿಕ್ಕದ ದಿನದ ಹಸಿವನ್ನಲ್ಲ. ಸಿಕ್ಕಿದ ಮನೆಯ ಹೊಸಿಲಲ್ಲಿ ನಿಂತು, ಒಳಗಿನಿಂದ ಕರೆ ಬರುವವರೆಗೆ ಕಾಯುತ್ತಿದ್ದ ಹೊತ್ತನ್ನು. ಹೊಟ್ಟೆಯ ಸಂಕಟ ಉಂಡೊಡನೆ ಹೋಗುತ್ತದೆ; ಕೈಯೊಡ್ಡಿದ ಸಂಕಟ ಉಂಡ ಮೇಲೂ ಉಳಿಯುತ್ತದೆ. ರಾಮಲಿಂಗರು ಈ ಎರಡನೆಯ ಸಂಕಟವನ್ನು ಎಳೆಯ ವಯಸ್ಸಿನಲ್ಲಿಯೇ ಬಲ್ಲವರಾಗಿದ್ದರು. ಮುಂದೆ ಅವರು ಕಟ್ಟಿದ ಶಾಲೆಯ ರೀತಿಯನ್ನು ನೋಡುವಾಗ, ಹಿತ್ತಲ ಬಾಗಿಲಿನ ಆ ಅನ್ನವನ್ನು ಅವರು ಮರೆಯಲಿಲ್ಲವೆಂದೇ ನಾನು ಊಹಿಸುತ್ತೇನೆ.

ಮುಂದಿನ ವರ್ಷಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅಣ್ಣನಿಗೆ ಮೈಗೆ ಹುಷಾರಿಲ್ಲದ ಒಂದು ದಿನ, ಅವನ ಬದಲು ಪೀಠದಲ್ಲಿ ಕುಳಿತ ಬಾಲಕನು ಶಿವಶರಣರ ಚರಿತ್ರೆಯಾದ ಪೆರಿಯಪುರಾಣವನ್ನು ವಿವರಿಸಿದ ಬಗೆಗೆ ಕೇಳುಗರು ಬೆರಗಾದರಂತೆ. ಅಂದಿನಿಂದ ಅವರ ಹೆಸರು ಮದರಾಸಿನಲ್ಲಿ ಹರಡಿತು. ತಿರುವೊಟ್ಟಿಯೂರಿನ ಶಿವನ ಮೇಲೆ ಹಾಡು ಕಟ್ಟಿದರು. ತಿರುಕ್ಕುರಳನ್ನು ಜನಸಾಮಾನ್ಯರಿಗೆ ಪಾಠ ಹೇಳಿದರು. ಮನೆಯವರ ಒತ್ತಾಯಕ್ಕೆ ಅಕ್ಕನ ಮಗಳನ್ನು ಮದುವೆಯಾದರೂ ಅವರ ಮನಸ್ಸು ಸಂಸಾರದಲ್ಲಿ ನೆಲೆಗೊಳ್ಳಲಿಲ್ಲ. 1858ರ ಸುಮಾರಿಗೆ ಪಟ್ಟಣವನ್ನು ಬಿಟ್ಟು ಚಿದಂಬರದ ಕಡೆಗೆ ಹೊರಟರು. ವಡಲೂರಿಗೆ ಸಮೀಪದ ಕರುಂಗುಳಿಯಲ್ಲಿ ವೇಂಕಟ ರೆಡ್ಡಿಯಾರ್ ಎಂಬ ಊರಗೌಡರು ಅವರನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡರು. ಸುಮಾರು ಒಂಬತ್ತು ವರ್ಷ ಆ ಮನೆಯೇ ಅವರ ನೆಲೆ.

ಅವರ ಕವನಗಳು ಅಚ್ಚಾದ ಸಂದರ್ಭವೂ ನಮ್ಮ ವಿಷಯಕ್ಕೆ ಸೇರಿದ್ದೇ. ರಾಮಲಿಂಗರಿಗೆ ತಮ್ಮ ಹಾಡುಗಳನ್ನು ಪ್ರಕಟಿಸಬೇಕೆಂಬ ಹಂಬಲವಿರಲಿಲ್ಲ. ಇರುಕ್ಕಂ ರತ್ನ ಮೊದಲಿಯಾರ್ ಎಂಬ ಶಿಷ್ಯರು ಎಷ್ಟು ಬೇಡಿದರೂ ಅವರು ಹಸ್ತಪ್ರತಿಗಳನ್ನು ಕಳುಹಲಿಲ್ಲ. ಕಡೆಗೆ ಆ ಶಿಷ್ಯರು, ಹಾಡುಗಳು ತಮ್ಮ ಕೈಸೇರುವವರೆಗೆ ದಿನಕ್ಕೆ ಒಂದೇ ಹೊತ್ತು ಉಣ್ಣುವುದಾಗಿ ವ್ರತ ತೊಟ್ಟರು. ಈ ಸುದ್ದಿ ತಿಳಿದ ರಾಮಲಿಂಗರು ಕಳವಳಗೊಂಡು ಸಮ್ಮತಿಸಿದರು. ವಾದಕ್ಕೂ ಸ್ತುತಿಗೂ ಬಗ್ಗದವರು ಇನ್ನೊಬ್ಬರ ಒಂದು ಹೊತ್ತಿನ ಉಪವಾಸಕ್ಕೆ ಬಗ್ಗಿದರು. ಹೀಗೆ 1867ರಲ್ಲಿ, ಧರ್ಮಶಾಲೆ ಆರಂಭವಾದ ವರ್ಷದಲ್ಲಿಯೇ, ತೊಳುವೂರು ವೇಲಾಯುಧ ಮೊದಲಿಯಾರರ ಸಂಪಾದಕತ್ವದಲ್ಲಿ ‘ತಿರುವರುಟ್ಪಾ’ದ ಮೊದಲ ಭಾಗಗಳು ಹೊರಬಂದವು. ತಮ್ಮ ಹೆಸರಿನ ಮುಂದೆ ಸ್ವಾಮಿಯೆಂಬ ಪದವನ್ನು ಹಚ್ಚುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಆದಕಾರಣ ನಾನೂ ಇಲ್ಲಿ ಅವರನ್ನು ರಾಮಲಿಂಗರೆಂದಷ್ಟೇ ಕರೆದಿದ್ದೇನೆ. ಜನ ಇಂದು ಅವರನ್ನು ಕರೆಯುವುದು ವಳ್ಳಲಾರ್ ಎಂದು. ಕೊಡುಗೈಯವರು, ಉದಾರಿಗಳು ಎಂಬುದು ಆ ತಮಿಳು ಮಾತಿನ ತಾತ್ಪರ್ಯ.

ಆ ಹಾಡುಗಳನ್ನು ತೇವಾರ ಮುಂತಾದ ಪೂಜ್ಯಗ್ರಂಥಗಳಿಗೆ ಸಮನಾಗಿ ಅರುಟ್ಪಾ, ಎಂದರೆ ಕೃಪೆಯಿಂದ ಮೂಡಿದ ಹಾಡು, ಎಂದು ಕರೆಯಬಹುದೇ ಎಂಬ ಬಗೆಗೆ ಯಾಳ್ಪಾಣದ ಆರುಮುಗ ನಾವಲರು ಎತ್ತಿದ ವಿವಾದ ದೊಡ್ಡದಾಗಿ ಬೆಳೆದು 1869ರಲ್ಲಿ ನ್ಯಾಯಸ್ಥಾನದವರೆಗೆ ಹೋಯಿತು. ಎರಡು ಕಡೆಯಲ್ಲಿಯೂ ವಿದ್ವಾಂಸರಿದ್ದರು. ಖಂಡನೆ ಮಂಡನೆಗಳ ಹೊತ್ತಗೆಗಳು ರಾಶಿಯಾದವು. ಆ ವಿವಾದದ ಸೂಕ್ಷ್ಮಗಳನ್ನು ತೂಗುವುದು ತಮಿಳು ಸಾಹಿತ್ಯದ ಪಂಡಿತರಿಗೆ ಸೇರಿದ ಕೆಲಸ. ನಾನು ಗಮನಿಸುವುದು ಇಷ್ಟನ್ನೇ: ಹಾಡಿನ ಯೋಗ್ಯತೆಯನ್ನು ಕುರಿತು ಮಹಾನಗರದಲ್ಲಿ ಜಗಳ ನಡೆಯುತ್ತಿದ್ದ ಕಾಲದಲ್ಲಿ, ಹಾಡಿದವರು ವಡಲೂರಿನ ಬಯಲಿನಲ್ಲಿ ಅಕ್ಕಿಯ ಲೆಕ್ಕವನ್ನು ನೋಡುತ್ತಿದ್ದರು.

ಆ ಲೆಕ್ಕಕ್ಕೆ ಕಾರಣವಿತ್ತು. 1866ರ ಬರ ಒರಿಸ್ಸಾವನ್ನು ಸ್ಮಶಾನ ಮಾಡಿತು. ಮದರಾಸು ಆಧಿಪತ್ಯದ ಜಿಲ್ಲೆಗಳಲ್ಲಿಯೂ ಧಾನ್ಯದ ಬೆಲೆ ಏರಿ ಬಡವರ ಗಂಜಿಗೆ ಸಂಚಕಾರ ಬಂದಿತ್ತು. ರಾಮಲಿಂಗರು 1865ರಲ್ಲಿಯೇ ತಮ್ಮ ಅಭಿಪ್ರಾಯಗಳನ್ನು ಒಪ್ಪುವವರ ಒಂದು ಸಂಘವನ್ನು ಕಟ್ಟಿದ್ದರು. ಜಾತಿಮತಗಳ ಭೇದವಿಲ್ಲದೆ ಸಕಲ ಜೀವಿಗಳನ್ನೂ ಬಂಧುಗಳೆಂದು ಕಾಣುವುದು ಅದರ ಮೂಲತತ್ತ್ವ. ಇಂಥ ತತ್ತ್ವವನ್ನು ಬಾಯಲ್ಲಿ ಹೇಳಿದ ಸಂಘಗಳು ಆ ಶತಮಾನದಲ್ಲಿ ಇನ್ನೂ ಕೆಲವು ಇದ್ದವು. ಇವರ ವಿಶೇಷವೇನೆಂದರೆ, ಆ ಬಂಧುತ್ವಕ್ಕೆ ಪ್ರಮಾಣವನ್ನು ಶಾಸ್ತ್ರದಲ್ಲಿ ಹುಡುಕದೆ ಹೊಟ್ಟೆಯಲ್ಲಿ ಹುಡುಕಿದುದು. ಅರಸನಿಗೂ ಆಳಿಗೂ, ಪಂಡಿತನಿಗೂ ಪಾಮರನಿಗೂ ಹಸಿವು ಒಂದೇ ಬಗೆಯಾಗಿ ಬರುತ್ತದೆ. ಒಂದೇ ಬಗೆಯಾಗಿ ಕೊಲ್ಲುತ್ತದೆ.

ಜೀವಕಾರುಣ್ಯವನ್ನು ಕುರಿತು ಅವರು ಬರೆದ ಗದ್ಯಗ್ರಂಥವೊಂದಿದೆ. ತಮಿಳನ್ನು ತಡೆದು ತಡೆದು ಓದಬಲ್ಲ ನನಗೂ ಅದರ ವಾದಸರಣಿಯನ್ನು ಹಿಡಿಯುವುದು ಕಷ್ಟವಾಗಲಿಲ್ಲ. ಹಸಿವು ದೇಹದಲ್ಲಿ ಏನೇನು ಮಾಡುತ್ತದೆ ಎಂಬುದನ್ನು ಅವರು ವೈದ್ಯನಂತೆ ಒಂದೊಂದಾಗಿ ಎಣಿಸುತ್ತಾರೆ. ಬುದ್ಧಿ ಮಂಕಾಗುವುದು, ಕಣ್ಣು ಕಿವಿಗಳು ಸೋಲುವುದು, ಕೈಕಾಲು ಕುಸಿಯುವುದು, ಕಡೆಗೆ ದೇವರ ನೆನಪೂ ಅಳಿಸಿಹೋಗುವುದು. ಅನ್ನ ಬಿದ್ದೊಡನೆ ಅವೆಲ್ಲವೂ ಹೇಗೆ ಮರಳಿ ಬರುತ್ತವೆ ಎಂಬುದನ್ನೂ ಅಷ್ಟೇ ವಿವರವಾಗಿ ಹೇಳುತ್ತಾರೆ. ಹಸಿದವನಿಗೆ ಉಪದೇಶ ಮಾಡುವುದು ವ್ಯರ್ಥ. ಅವನಲ್ಲಿ ಉಪದೇಶ ಕೇಳುವ ಜೀವವನ್ನು ಮೊದಲು ಉಳಿಸಬೇಕು. ಆದ್ದರಿಂದ ಮುಕ್ತಿಯ ಮನೆಗೆ ಬೀಗದಕೈ ಜೀವಕಾರುಣ್ಯ. ಜೀವಕಾರುಣ್ಯದಲ್ಲಿ ಮೊದಲನೆಯದು ಹಸಿವನ್ನು ನೀಗಿಸುವುದು. ಇದು ಅವರ ನಿಲುವು.

ಇದಕ್ಕೆ ಬರಬಹುದಾದ ಆಕ್ಷೇಪವೊಂದನ್ನು ಅವರೇ ಎತ್ತಿಕೊಂಡು ಉತ್ತರಿಸುತ್ತಾರೆ. ಹಸಿದವನು ತನ್ನ ಪೂರ್ವಕರ್ಮವನ್ನು ಉಣ್ಣುತ್ತಿದ್ದಾನೆ. ದೇವರು ವಿಧಿಸಿದ ಶಿಕ್ಷೆಯ ನಡುವೆ ನಾವೇಕೆ ಕೈಹಾಕಬೇಕು ಎಂಬ ಆ ಮಾತನ್ನು ಇಂದಿಗೂ ಕೆಲವರ ಬಾಯಲ್ಲಿ ಕೇಳುತ್ತೇವೆ. ರಾಮಲಿಂಗರ ಉತ್ತರ ಒಂದು ಉಪಮಾನದಲ್ಲಿದೆ. ಅರಸನು ಅಪರಾಧಿಯನ್ನು ಸೆರೆಯಲ್ಲಿಟ್ಟರೂ ಅವನಿಗೆ ಅನ್ನವನ್ನು ನಿಲ್ಲಿಸುವುದಿಲ್ಲ. ತನ್ನ ಸೇವಕರ ಕೈಯಲ್ಲಿ ಕಳುಹುತ್ತಾನೆ. ಆ ಅನ್ನವನ್ನು ಒಯ್ದವನ ಮೇಲೆ ಅರಸನು ಮುನಿಯುವನೇ? ಶಿಕ್ಷೆ ಬೇರೆ, ಹಸಿವೆಯಿಂದ ಸಾಯಗೊಡುವುದು ಬೇರೆ. ಕರ್ಮಸಿದ್ಧಾಂತವನ್ನು ಅಲ್ಲಗಳೆಯದೆಯೇ, ಅದರ ಮರೆಯಲ್ಲಿ ನಮ್ಮ ಕಲ್ಲೆದೆ ಅಡಗಿಕೊಳ್ಳದಂತೆ ಮಾಡಿದ ಈ ವಾದದ ಜಾಣ್ಮೆಯನ್ನು ತರ್ಕದ ವಿದ್ಯಾರ್ಥಿಗಳು ಗಮನಿಸಬೇಕು. ಮದುವೆ ಮುಂಜಿಗಳ ಚಪ್ಪರಕ್ಕೂ ವಾದ್ಯಕ್ಕೂ ಹಣ ಸುರಿಯುವವರು ಆ ಶುಭದಿನದಲ್ಲಿ ಹಸಿದವರನ್ನು ನೆನೆಯಬೇಕೆಂದೂ ಅವರು ಗೃಹಸ್ಥರಿಗೆ ಹೇಳುತ್ತಾರೆ. ಸನ್ಯಾಸಿಗಳಿಗಾಗಿ ಬರೆದ ಗ್ರಂಥವಲ್ಲ ಅದು. ಸಂಸಾರಿಗಳಿಗಾಗಿ, ಅವರವರ ಶಕ್ತಿಯನ್ನು ಮೀರದಂತೆ ನಡೆಯಬಲ್ಲ ಧರ್ಮವನ್ನು ತಿಳಿಸಲು ಬರೆದದ್ದು.

ಈ ಕಡೆಯ ಮಾತಿನಲ್ಲಿ ಧರ್ಮಶಾಲೆಯ ಗುಟ್ಟು ಇದೆ. ಒಬ್ಬ ಗೃಹಸ್ಥನು ಒಬ್ಬನಿಗೆ ಒಂದು ಹೊತ್ತು ಇಕ್ಕಬಲ್ಲ. ಬರಗಾಲದಲ್ಲಿ ಹಸಿದು ಬರುವವರು ಒಬ್ಬರಲ್ಲ, ಒಂದು ಹೊತ್ತಿಗೂ ಅಲ್ಲ. ಹತ್ತು ಮನೆಯ ಹಿಡಿ ಅಕ್ಕಿಯನ್ನು ಒಂದು ಕೊಪ್ಪರಿಗೆಗೆ ಸುರಿದರೆ ಮಾತ್ರ ಅದು ನಿತ್ಯದ ಅನ್ನವಾಗುತ್ತದೆ. ರಾಮಲಿಂಗರು ಹೀಗೆ ಕೂಡಿಸುವ ಕೆಲಸಕ್ಕೆ ಇಳಿದರು. ಪಾರ್ವತೀಪುರವೆಂದೂ ಕರೆಯುತ್ತಿದ್ದ ವಡಲೂರಿನ ಜನರನ್ನು ಕೇಳಿಕೊಂಡಾಗ, ಅವರು ತಮ್ಮ ತಮ್ಮ ಪಾಲಿನ ನೆಲವನ್ನು ಬಿಟ್ಟುಕೊಟ್ಟು ಒಟ್ಟು 80 ಕಾಣಿಯಷ್ಟು ಭೂಮಿಯನ್ನು ಧರ್ಮಕ್ಕೆ ಬರೆದುಕೊಟ್ಟರು. ನಮ್ಮ ಲೆಕ್ಕದಲ್ಲಿ ಅದು ನೂರು ಎಕರೆಗೂ ಹೆಚ್ಚು. ಒಬ್ಬ ಜಮೀನುದಾರನು ತಾಮ್ರಶಾಸನ ಬರೆಸಿ ಕೊಟ್ಟ ಉಂಬಳಿಯಲ್ಲ. ಉತ್ತು ಬಿತ್ತುವ ಸಾಮಾನ್ಯರು ಕೈಗೂಡಿಸಿ ಕೊಟ್ಟದ್ದು. ಸ್ಥಳವೂ ಆಲೋಚಿಸಿ ಆರಿಸಿದಂತಿದೆ. ಮದರಾಸಿನಿಂದ ಕುಂಭಕೋಣದ ಕಡೆಗೆ ಹೋಗುವ ದಾರಿಯೂ ಕಡಲೂರಿನಿಂದ ವೃದ್ಧಾಚಲಕ್ಕೆ ಹೋಗುವ ದಾರಿಯೂ ಅಲ್ಲಿ ಕೂಡುತ್ತವೆ. ಹಸಿದವರು ದಾರಿ ಹಿಡಿದು ಬರುವವರಾದ್ದರಿಂದ ಅನ್ನವೂ ದಾರಿಯಲ್ಲಿಯೇ ಕಾದಿರಬೇಕಲ್ಲವೇ?

ಶಾಲೆ ಮೊದಲು ನಿಂತದ್ದು ಹುಲ್ಲುಮಾಡಿನ ಕೆಳಗೆ. ಅದರ ಜೊತೆಗೆ ವೈದ್ಯಶಾಲೆ, ಶಾಸ್ತ್ರಶಾಲೆ ಮೊದಲಾದ ಇನ್ನೂ ಕೆಲವನ್ನು ಕಟ್ಟುವ ಸಂಕಲ್ಪ ಅವರಿಗಿತ್ತು. ಆದರೆ ಮೊದಲು ಏಳಬೇಕಾದದ್ದು ಅಡುಗೆಮನೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಬಂದವನ ಜಾತಿಯನ್ನು ಕೇಳಬೇಕಾಗಿಲ್ಲ, ಊರನ್ನು ಕೇಳಬೇಕಾಗಿಲ್ಲ, ನಡತೆಯನ್ನು ವಿಚಾರಿಸಬೇಕಾಗಿಲ್ಲ, ಹಸಿದಿದ್ದಾನೆಂಬುದೇ ಅರ್ಹತೆ. ರಾಮಲಿಂಗರು ಮಾಂಸಾಹಾರವನ್ನು ಕಟುವಾಗಿ ವಿರೋಧಿಸಿದವರು. ಅದನ್ನು ಬಿಡದವರಿಗೆ ಅವರ ಜ್ಞಾನಸಭೆಯ ಒಳಗೆ ಪ್ರವೇಶವಿರಲಿಲ್ಲ. ಆದರೆ ಹಸಿದು ಬಂದ ಮಾಂಸಾಹಾರಿಗೂ ಅನ್ನವಿಕ್ಕಲೇಬೇಕೆಂಬುದು ಅವರ ವಿಧಿ. ದೇವರ ಮುಂದೆ ನಿಲ್ಲಲು ನಿಯಮವಿರಬಹುದು. ಊಟಕ್ಕೆ ಕೂಡಲು ನಿಯಮವಿಲ್ಲ.

ನಮ್ಮಲ್ಲಿ ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂಬ ಮಾತಿನಲ್ಲಿ ಇದೇ ತೊಡಕನ್ನು ಬಿಡಿಸಿದ್ದರೆಂಬುದನ್ನು ಕನ್ನಡ ವಾಚಕರಿಗೆ ನೆನಪಿಸಬೇಕಾಗಿಲ್ಲ. ಇಕ್ಕುವವನು ತಾನು ದಾನಿಯಲ್ಲ, ದಾಸ ಎಂದು ತಿಳಿದರೆ ಉಣ್ಣುವವನು ತಲೆತಗ್ಗಿಸಬೇಕಾಗಿಲ್ಲ. ರಾಮಲಿಂಗರು ಬೇರೊಂದು ದಾರಿಯಿಂದ ಅಲ್ಲಿಗೇ ಬಂದರು. ವಡಲೂರಿನ ಅನ್ನದಲ್ಲಿ ಯಾರ ಅಕ್ಕಿ ಎಷ್ಟೆಂದು ಬೇರ್ಪಡಿಸಲಾಗದು. ಅದು ಇಂಥವರ ಅನ್ನವೆಂದು ಹೆಸರಿಡುವಂತಿಲ್ಲ. ಆದ್ದರಿಂದ ಉಂಡವನು ಯಾರ ಹಂಗಿಗೂ ಬೀಳುವುದಿಲ್ಲ. ಹಲವರು ಕೂಡಿ ಇಕ್ಕುವುದರಿಂದ ಆಗುವ ಲಾಭ ಅನ್ನ ಹೆಚ್ಚುವುದೊಂದೇ ಅಲ್ಲ. ಕೈಯೊಡ್ಡುವವನ ನಾಚಿಕೆಯೂ ಹಲವರಲ್ಲಿ ಹಂಚಿ ಕರಗಿಹೋಗುತ್ತದೆ. ಅತ್ತಿಗೆ ಒಬ್ಬಳೇ ಗುಟ್ಟಾಗಿ ಹೊತ್ತ ಭಾರವನ್ನು ಊರಿಗೆ ಊರೇ ಬಹಿರಂಗವಾಗಿ ಹೊರುವಂತೆ ಮಾಡಿದ್ದು ರಾಮಲಿಂಗರ ಸಾಧನೆ.

ನಾನು ವಡಲೂರಿಗೆ ಹೋದುದು ಉತ್ಸವವಿಲ್ಲದ ಒಂದು ಸಾಧಾರಣ ದಿನ. ಮಧ್ಯಾಹ್ನದ ಪಂಕ್ತಿಯಲ್ಲಿ ಕುಳಿತೆ. ಒಂದು ಪಕ್ಕದಲ್ಲಿ ಗಂಟು ಹಿಡಿದ ಮುದುಕಿ. ಇನ್ನೊಂದು ಪಕ್ಕದಲ್ಲಿ ಲಾರಿ ನಡೆಸುವವನೆಂದು ತೋರುತ್ತಿದ್ದ ತರುಣ. ಅನ್ನ, ಹುಳಿ, ಒಂದು ಪಲ್ಯ. ಬಡಿಸುವವರು ಯಾರ ಮುಖವನ್ನೂ ವಿಶೇಷವಾಗಿ ನೋಡಲಿಲ್ಲ; ಸಾಕೇ ಬೇಕೇ ಎಂಬುದೊಂದೇ ಅವರ ಪ್ರಶ್ನೆ. ಉಂಡು ಎದ್ದ ಮುದುಕಿ ಯಾರಿಗೂ ಕೈಮುಗಿಯದೆ ಗಂಟನ್ನೆತ್ತಿಕೊಂಡು ಹೊರಟುಹೋದಳು. ಅದು ಕೃತಘ್ನತೆಯಲ್ಲ. ತನ್ನ ಮನೆಯಲ್ಲಿ ಉಂಡವರು ಹಾಗೆಯೇ ಎದ್ದು ಹೋಗುತ್ತಾರೆ. ಆ ಹೊತ್ತಿಗೆ ಯಾರೋ ಒಬ್ಬರು ಎರಡು ಮೂಟೆ ಅಕ್ಕಿಯನ್ನು ತಂದು ಇಳಿಸುತ್ತಿದ್ದರು. ಮುದುಕಿಗೆ ಅವರು ಯಾರೆಂದು ತಿಳಿಯದು. ಅವರಿಗೆ ಮುದುಕಿ ಯಾರೆಂದು ತಿಳಿಯದು. ಆ ಪ್ರದೇಶದ ನೆಲದಡಿ ಕಂದುಕಲ್ಲಿದ್ದಲಿನ ಗಣಿಗಳಿವೆ. ನೆಯ್ವೇಲಿಯ ವಿದ್ಯುತ್ತು ಅಲ್ಲಿಂದಲೇ ಬರುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಕ್ಕೆ ಬಹು ಮುಂಚೆಯೇ ಆ ನೆಲದ ಮೇಲೆ ಸೌದೆಯ ಬೆಂಕಿಯೊಂದು ನಿತ್ಯವಾಗಿ ಉರಿಯತೊಡಗಿತ್ತು.

ಆದರೂ ಜನ ರಾಮಲಿಂಗರಿಂದ ಬಯಸಿದುದು ಅನ್ನವೊಂದನ್ನೇ ಅಲ್ಲ. 1872ರ ಜನವರಿ 25ರಂದು, ತೈಪೂಸದ ದಿನ, ಎಂಟು ಮೂಲೆಗಳ ಸತ್ಯಜ್ಞಾನಸಭೆ ವಡಲೂರಿನಲ್ಲಿ ತೆರೆಯಿತು. ಅಲ್ಲಿ ವಿಗ್ರಹವಿಲ್ಲ. ಏಳು ಬಣ್ಣದ ತೆರೆಗಳು ಸರಿದಾಗ ಕಾಣುವುದು ಒಂದು ಜ್ಯೋತಿ. ಅಜ್ಞಾನದ ತೆರೆಗಳು ಸರಿಯಬೇಕೆಂಬ ತತ್ತ್ವವನ್ನು ಕಣ್ಣಿಗೆ ಕಾಣುವಂತೆ ಮಾಡಿದ ಸರಳ ವಿಧಾನ ಅದು. ಜನ ಬಂದರು, ನೆರೆದರು, ಕೈಮುಗಿದರು. ತಮ್ಮ ತಮ್ಮ ರೋಗಕ್ಕೆ ಮದ್ದನ್ನೂ ಬಡತನಕ್ಕೆ ಬಂಗಾರವನ್ನೂ ಸತ್ತವರಿಗೆ ಜೀವವನ್ನೂ ಅವರಿಂದ ನಿರೀಕ್ಷಿಸಿದರು. ನೀರಿನಿಂದ ದೀಪ ಉರಿಸಿದರೆಂಬ ಕಥೆ ಮನೆಮಾತಾಯಿತು. ತಾವು ಹೇಳಿದುದನ್ನು ಕೈಕೊಂಡವರು ಕಡಿಮೆಯೆಂಬ ವ್ಯಥೆ ಅವರ ಕಡೆಯ ವರ್ಷಗಳನ್ನು ಮುಸುಕಿತು. ವಡಲೂರನ್ನು ಬಿಟ್ಟು ಮೇಟ್ಟುಕುಪ್ಪವೆಂಬ ಹಳ್ಳಿಯ ಒಂದು ಚಿಕ್ಕ ಮನೆಯಲ್ಲಿ ಏಕಾಂತವಾಗಿ ನೆಲಸಿದರು. 1873ರ ಅಕ್ಟೋಬರಿನಲ್ಲಿ ಶಿಷ್ಯರನ್ನು ಕೂಡಿಸಿ ದೀರ್ಘವಾದ ಉಪದೇಶ ಮಾಡಿದರು. 1874ರ ಜನವರಿ 30ರಂದು, ಶ್ರೀಮುಖ ಸಂವತ್ಸರದ ತೈಮಾಸದಲ್ಲಿ, ತಮ್ಮ ಕೋಣೆಯನ್ನು ಹೊಕ್ಕು ಬಾಗಿಲು ಮುಚ್ಚಿಕೊಂಡರು. ಮತ್ತೆ ಅವರನ್ನು ಯಾರೂ ಕಾಣಲಿಲ್ಲ. ಅವರು ಜ್ಯೋತಿಯಲ್ಲಿ ಲೀನರಾದರೆಂಬುದು ಭಕ್ತರ ನಂಬಿಕೆ. 1906ರ ದಕ್ಷಿಣ ಆರ್ಕಾಟು ಜಿಲ್ಲೆಯ ಗೆಜೆಟಿಯರು ಕೂಡ ಈ ಸಂಗತಿಯನ್ನು ಪ್ರಸ್ತಾಪಿಸದೆ ಬಿಟ್ಟಿಲ್ಲ. ಅವರಿಗೆ ಆಗ ಐವತ್ತು ವರ್ಷ ತುಂಬಿ ಕೆಲವೇ ತಿಂಗಳು ಕಳೆದಿತ್ತು.

ಸ್ಥಾಪಕನು ಮರೆಯಾದ ಮೇಲೆ ಸಂಸ್ಥೆ ಉಳಿಯುವುದೇ ಎಂಬುದು ಎಲ್ಲ ಧರ್ಮಕಾರ್ಯಗಳಿಗೂ ಬರುವ ಪರೀಕ್ಷೆ. ವಡಲೂರಿಗೆ ಆ ಪರೀಕ್ಷೆ ಬಹು ಬೇಗ, ಬಹು ಕ್ರೂರವಾಗಿ ಬಂದಿತು. ಎರಡೇ ವರ್ಷಗಳ ತರುವಾಯ ದಕ್ಷಿಣ ಭಾರತವನ್ನು ಮಹಾಕ್ಷಾಮ ಮುತ್ತಿತು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನಡುಗುತ್ತ ನೆನೆಯುತ್ತಿದ್ದ 1876–78ರ ಬರವೇ ಅದು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷದ ಆಸುಪಾಸಿಗೆ ಇಳಿಯಿತೆಂದರೆ ಅದರ ಹಾವಳಿಯನ್ನು ಊಹಿಸಬಹುದು. ಆಗ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಸಾಹೇಬರ ಚಿಂತೆ ಖರ್ಚು ಮಿತಿಮೀರದಿರುವುದು ಹೇಗೆಂಬುದು. ಹಸಿದವನು ನಿಜವಾಗಿ ಹಸಿದಿದ್ದಾನೆಯೇ ಎಂಬುದನ್ನು ಕಾಮಗಾರಿಯಲ್ಲಿ ದುಡಿಸಿ ಪರೀಕ್ಷಿಸಬೇಕು; ದುಡಿದವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಗಾಸು. ಈ ಲೆಕ್ಕವನ್ನು ಅಂದಿನ ವೈದ್ಯಾಧಿಕಾರಿಗಳೇ ಸಾಲದೆಂದು ಖಂಡಿಸಿದರು. ಆಡಳಿತ ನಡೆಸುವವರಿಗೆ ಲೆಕ್ಕ ಬೇಕು, ಒಪ್ಪುತ್ತೇನೆ. ಆದರೆ ಹಸಿವನ್ನು ಸಂಶಯದಿಂದ ನೋಡುವ ಕಣ್ಣಿಗೂ ಅದನ್ನು ಬಂಧುತ್ವದ ಗುರುತೆಂದು ನೋಡುವ ಕಣ್ಣಿಗೂ ಎಷ್ಟು ಅಂತರವೆಂಬುದು ಆ ಒಂದು ಪೌಂಡಿನ ತಕ್ಕಡಿಯನ್ನೂ ವಡಲೂರಿನ ಒಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಇಡೀ ಆಧಿಪತ್ಯದ ಹಸಿವನ್ನು ಒಂದು ಒಲೆ ನೀಗಿಸಲಾರದು. ಅಂಥ ಕಾಲದಲ್ಲಿಯೂ ಅದು ಆರಲಿಲ್ಲವೆಂಬುದು ಸಣ್ಣ ಮಾತಲ್ಲ.

ಪುಕ್ಕಟೆಯ ಅನ್ನ ಜನರನ್ನು ಸೋಮಾರಿಗಳನ್ನಾಗಿ ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೂವತ್ತು ವರ್ಷ ಪಾಠ ಹೇಳಿದ ನಾನು ಇದಕ್ಕೆ ನನ್ನ ಅನುಭವದಿಂದ ಉತ್ತರಿಸಬಲ್ಲೆ. ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗರಲ್ಲಿ ಉಂಡು ತೂಕಡಿಸುತ್ತಿದ್ದವರಿಗಿಂತ ಉಣ್ಣದೆ ತೂಕಡಿಸುತ್ತಿದ್ದವರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಆರಂಭವಾಯಿತು. ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟವರು ಯಾರೋ, ಹಳೆಯ ಮಾತಿನ ಬೆಲೆಯನ್ನು ಬಲ್ಲವರು. ತಮಿಳುನಾಡಿನಲ್ಲಿ ಕಾಮರಾಜರು ಆ ಕೆಲಸವನ್ನು 1956ರಲ್ಲಿಯೇ ಕೈಗೊಂಡಿದ್ದರು. ಇವೆಲ್ಲವೂ ವಡಲೂರಿನಿಂದ ಹುಟ್ಟಿದವೆಂದು ನಾನು ಹೇಳುವುದಿಲ್ಲ. ಓದುವ ಮಗುವಿನ ಮುಂದೆ ಅನ್ನದ ತಟ್ಟೆಯನ್ನು ಮೊದಲು ಇಡಬೇಕು, ಆಮೇಲೆ ಪುಸ್ತಕವನ್ನು ಎಂಬ ತಿಳಿವನ್ನು ಒಬ್ಬ ಕವಿ 1867ರಲ್ಲಿಯೇ ಕಾರ್ಯರೂಪಕ್ಕೆ ತಂದಿದ್ದನೆಂದಷ್ಟೇ ಹೇಳುತ್ತೇನೆ. ಓದದಿದ್ದರೆ ಅನ್ನವಿಲ್ಲ ಎಂಬ ಅಣ್ಣನ ಅಪ್ಪಣೆಯನ್ನು ಅವನು ತಿರುಗಿಸಿ ಬರೆದನು.

ಮೇಟ್ಟುಕುಪ್ಪದ ಕೋಣೆಯ ಮುಂದೆ ಇಂದಿಗೂ ಜನ ನಿಂತು, ಮುಚ್ಚಿದ ಆ ಬಾಗಿಲಿನ ಹಿಂದೆ ಏನಾಯಿತೆಂದು ಚರ್ಚಿಸುತ್ತಾರೆ. ಆ ಚರ್ಚೆ ಮುಗಿಯುವಂಥದಲ್ಲ, ಮುಗಿಯಬೇಕಾಗಿಯೂ ಇಲ್ಲ. ತಮ್ಮ ಮಾತನ್ನು ಜನ ಕೇಳಲಿಲ್ಲವೆಂಬ ವ್ಯಥೆಯಿಂದ ರಾಮಲಿಂಗರು ಆ ಬಾಗಿಲನ್ನು ಹಾಕಿಕೊಂಡಿದ್ದರೆ, ಆ ವ್ಯಥೆಗೆ ಉತ್ತರ ಕೆಲವೇ ಮೈಲಿಗಳಾಚೆ ಇದೆ. ಇಂದು ಧರ್ಮಶಾಲೆಯ ಆಡಳಿತ ತಮಿಳುನಾಡಿನ ಹಿಂದೂ ಧಾರ್ಮಿಕ ದತ್ತಿ ಇಲಾಖೆಯ ಕೈಯಲ್ಲಿದೆ. ಅಕ್ಕಿಯೂ ತರಕಾರಿಯೂ ಈಗಲೂ ಬಹುಪಾಲು ಹೆಸರು ಹೇಳದವರ ಕೈಯಿಂದ ಬರುತ್ತವೆ. ಅವರೆಲ್ಲರೂ ಅವರ ಸಿದ್ಧಾಂತವನ್ನು ಓದಿದವರಲ್ಲ, ಅವರ ಹಾಡುಗಳನ್ನು ಬಲ್ಲವರಲ್ಲ. ನಾಳೆ ಬೆಳಗಾಗುವುದರೊಳಗೆ ಒಲೆಗೆ ಸೌದೆ ಬೇಕು, ಯಾರೋ ಹಸಿದು ಬರುತ್ತಾರೆ ಎಂಬುದನ್ನು ಮಾತ್ರ ಬಲ್ಲರು. ಅವರಿಂದ ರಾಮಲಿಂಗರು ಕೇಳಿದ್ದೂ ಮುಖ್ಯವಾಗಿ ಅದನ್ನೇ.